ಡೀಟರಣ್ಣನ ಎರಡು ಕೈಗಳು

ಮೊನ್ನೆ ಟಿವಿಯಲ್ಲಿ ಫುಟ್‌ಬಾಲ್ ನಡೆಯುತ್ತಿತ್ತು. ಗೋಲಿನ ಮುಂದಿದ್ದ ಆಟಗಾರನೊಬ್ಬ ಚೆಂಡು ಬರುವುದನ್ನು ಕಂಡವನೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ವೈ ಈಸ್ ಹೀ ಹೈಡಿಂಗ್ ಹಿಸ್ ಹ್ಯಾಂಡ್ಸ್, ಪಪ್ಪಾ?" ಎಂದ ಮಗ. ಕನ್ನಡದಲ್ಲಿ ಊಟಕ್ಕೆ ಕರೆದರೂ ಇಂಗ್ಲಿಷಿನಲ್ಲೇ ಬರುವ ಮಗ ಅವನು. "ಚೆಂಡು ಕೈಗೆ ತಾಗಿದ್ರೆ ಪೆನಾಲ್ಟಿ ಮಗಾ" ಎಂದೆ. ಹೇಳುತ್ತಿದ್ದ ಹಾಗೆ ನನಗೆ ಡೀಟರಣ್ಣ ನೆನಪಾದ.

ಇಲ್ಲಿ, ಈ ಅರಬ್ಬಿ ನಾಡಿನಲ್ಲಿ, ಇನ್ನೂ ಶುಕ್ರವಾರ ವಾರದ ರಜೆಯಿದ್ದ ಕಾಲ. ಹತ್ತು ಹನ್ನೆರಡು ವರ್ಷವಾಗಿರಬಹುದು. ನಾನು ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್. ಡೀಟರ್ ನಮಗೆ ವಾಲ್ವ್ ಮಾರಲು ಬರುತ್ತಿದ್ದ ಜರ್ಮನಿಯವನು. ಅದಕ್ಕೂ ಮೊದಲು ಹದಿನೇಳು ವರ್ಷ ಫುಟ್‌ಬಾಲೇ ಅವನ ಹೊಟ್ಟೆಪಾಡು. ಅವರ ದೇಶದ ಕೆಳಗಿನ ಲೀಗುಗಳಲ್ಲಿ ಡಿಫೆಂಡರ್ ಆಗಿದ್ದವನು, ಇಲ್ಲಿಯ ಕ್ಲಬ್ಬೊಂದಕ್ಕೆ ಒಂದು ಸೀಸನ್ ಆಡಲು ಬಂದು, ಮೊಣಕಾಲು ಕೆಟ್ಟು ಇಲ್ಲೇ ಉಳಿದಿದ್ದ. ಅಷ್ಟು ವರ್ಷದಲ್ಲಿ ಹೊಡೆದದ್ದು ಎರಡೇ ಗೋಲು, ಅದರಲ್ಲೊಂದು ತಮ್ಮದೇ ಬಲೆಗೆ. ಇದನ್ನು ಅವನೇ ನಗುತ್ತ ಹೇಳುತ್ತಿದ್ದ.

ನಗದೆ ಹೇಳಿದ್ದು ಒಂದೇ ಸಂಗತಿ. ಹುಟ್ಟೂರಿನ ಕ್ಲಬ್ಬಿಗೆ ಆಡುವಾಗ, ಸೀಸನ್ನಿನ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಚೆಂಡು ಅವನ ಕೈಗೆ ತಾಗಿತು. ಪೆನಾಲ್ಟಿ. ಕ್ಲಬ್ಬು ಕೆಳಗಿನ ಲೀಗಿಗೆ ಬಿತ್ತು. "ಮರುದಿನ ಬೇಕರಿಯಾಕೆ ನನ್ನ ಅಮ್ಮನಿಗೆ ನಿನ್ನೆಯ ಬ್ರೆಡ್ ಕೊಟ್ಟಳು. ಇವತ್ತಿಗೂ ನಿನ್ನೆಯದೇ ಕೊಡುತ್ತಾಳೆ" ಎಂದ. ಅಂದಿನಿಂದ ಅವನ ಕೈ ಬೆನ್ನ ಹಿಂದೆ ಹೋದದ್ದು ಈಚೆ ಬರಲೇ ಇಲ್ಲ. ಲಿಫ್ಟಿನಲ್ಲೂ ಹಾಗೆಯೇ, ಬ್ಯಾಂಕಿನ ಸಾಲಿನಲ್ಲೂ ಹಾಗೆಯೇ. ಚಹಾ ಕೊಟ್ಟರೆ ಯೋಚಿಸಿ ಒಂದು ಕೈ ಮುಂದೆ ತರುತ್ತಿದ್ದ. ನಾನೋ, ಇವನಿಗೆ ಎಷ್ಟು ಜಂಬ ಎಂದುಕೊಂಡಿದ್ದೆ.

ನಮ್ಮ ಫೋರ್‌ಮನ್ ರಾಘವಣ್ಣ ಉಡುಪಿ ಕಡೆಯವರು, ವರ್ಕ್‌ಶಾಪಿನ ಕಬಡ್ಡಿ ತಂಡದ ಕ್ಯಾಪ್ಟನ್. ನಾನು ಮ್ಯಾನೇಜರ್, ನೀರಿನ ಬಾಟಲಿಗಳಿದ್ದ ಸ್ಟೋರಿನ ಬೀಗದ ಕೈ ನನ್ನಲ್ಲಿತ್ತು ಎನ್ನುವುದೇ ನನ್ನ ಯೋಗ್ಯತೆ. ಊರಿನವರೆಲ್ಲ ಸೇರಿ ಮಾಡುತ್ತಿದ್ದ ಟೂರ್ನಮೆಂಟಿಗೆ ವಾರವಿದೆ ಎನ್ನುವಾಗ ಮೂಲೆಯಲ್ಲಿ ನಿಂತು ರೈಡರನನ್ನು ಹಿಡಿಯುವ ನಮ್ಮ ಕಾರ್ನರ್ ಆಟಗಾರನಿಗೆ ಚಿಕನ್‌ಪಾಕ್ಸ್ ಎದ್ದಿತು.

"ಈ ಡೀಟರ್ ಡಿಫೆಂಡರ್ ಅಲ್ವಾ, ಇವನನ್ನು ಕಾರ್ನರಿಗೆ ಹಾಕುವ" ಎಂದರು ರಾಘವಣ್ಣ.

"ಅದು ಕಾಲಿನ ಆಟ ರಾಘವಣ್ಣ, ಇದು ಕೈಯ ಆಟ."

"ತಡೆಯುವವನಿಗೆ ಕಾಲಾದ್ರೆ ಎಂತ, ಕೈಯಾದ್ರೆ ಎಂತ ಮಾರಾಯ. ಆಳು ನೋಡು, ಕಪಾಟಿನ ಹಾಗೆ ಉಂಟು."

ಡೀಟರ್ ಒಪ್ಪಿಯೇಬಿಟ್ಟ. ಅಮ್ಮ ಪೇಪರಿನಿಂದ ಕತ್ತರಿಸಿಟ್ಟ ಅವನ ಕೊನೆಯ ಫೋಟೋ ಆ ಪೆನಾಲ್ಟಿಯದೇ. ಗೆದ್ದ ಫೋಟೋ ಒಂದನ್ನು ಅವಳಿಗೆ ಕಳಿಸಬೇಕು, ಯಾವ ಆಟದ್ದಾದರೂ ಸರಿ ಎಂದ.

ಪ್ರಾಕ್ಟೀಸಿನಲ್ಲಿ ನಾನೇ ರೈಡರ್. ಕಬಡ್ಡಿ ಕಬಡ್ಡಿ ಎಂದು ಹೋದರೆ ಡೀಟರ್ ಕೈ ಹಿಂದೆ ಕಟ್ಟಿಕೊಂಡು ಎದೆಯೊಡ್ಡಿ ನಿಲ್ಲುತ್ತಿದ್ದ. ಮುಟ್ಟಿ ಬರುವುದು ನನ್ನಂಥ ಹೊಟ್ಟೆಯವನಿಗೂ ಸುಲಭ. "ಇವನೆಂತ ಶಾಲೆ ನೋಡ್ಲಿಕ್ಕೆ ಬಂದ ಇನ್ಸ್‌ಪೆಕ್ಟರಾ?" ಎಂದು ರಾಘವಣ್ಣ ತಲೆ ಚಚ್ಚಿಕೊಂಡರು. ಎಣ್ಣೆ ಡ್ರಮ್ ಅಪ್ಪಿ ಹಿಡಿಯಲು ಹೇಳಿದರು. ಡ್ರಮ್ಮನ್ನೇನೋ ಹಿಡಿದ, ಮನುಷ್ಯರನ್ನು ಹಿಡಿಯಲಿಲ್ಲ.

ಫೈನಲಿಗೆ ನಾವು ಹೋದದ್ದು ಉಳಿದ ಆರು ಮಂದಿಯ ದೆಸೆಯಿಂದ. ಎದುರಿಗೆ ದೇರಾದ ತಂಡ. ಅವರು ಬಂದಾಗಲೆಲ್ಲ ಮೊದಲು ಡೀಟರನನ್ನು ಮುಟ್ಟುತ್ತಿದ್ದರು, ಅವನು ಥ್ಯಾಂಕ್ಯೂ ಎಂದು ಹೊರಗೆ ಹೋಗುತ್ತಿದ್ದ. ಕೊನೆಯ ರೈಡ್ ಬರುವಾಗ ಪಾಯಿಂಟ್ ಸಮಸಮ. ದೇರಾದ ಬಟ್ಟೆ ಅಂಗಡಿಯಲ್ಲಿದ್ದ ಭಟ್ಕಳದವನೊಬ್ಬ ನೆಟ್ಟಗೆ ಡೀಟರನ ಬಳಿಗೇ ಬಂದು, ಹೊಟ್ಟೆ ಮುಟ್ಟಿ ತಿರುಗಿದ. ನಾನು ಡೀಟರನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಅಷ್ಟರಲ್ಲಿ ರೈಡರನ ಕಾಲು ಜಾರಿತು, ತಲೆ ಹಿಂದಾಗಿ ಬೀಳತೊಡಗಿದ.

ಆಗ ಬಂದವು ಆ ಕೈಗಳು. ಗೆಲ್ಲಲಿಕ್ಕಲ್ಲ, ಪಾಪ, ಅವನ ತಲೆ ಒಡೆಯಬಾರದೆಂದು. ಎರಡೂ ಕಂಕುಳಲ್ಲಿ ಕೈಯಿಟ್ಟು, ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡ. ಗಾಳಿಯಲ್ಲಿ ಕಾಲಾಡಿಸುತ್ತಿದ್ದ ರೈಡರನ ಉಸಿರು ಕಟ್ಟಿತು, ಕಬಡ್ಡಿ ನಿಂತಿತು, ಸೀಟಿ ಬಿತ್ತು. ಸೀಟಿ ಕೇಳಿದ್ದೇ ಡೀಟರನ ಮುಖ ಬಿಳುಚಿತು. ರೈಡರನನ್ನು ಮೆಲ್ಲನೆ ಇಳಿಸಿ, ಅಂಪಾಯರ್ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತ. "ಕೈ ತಾಗಿತು. ತಪ್ಪು ನನ್ನದೇ, ಇವರದ್ದಲ್ಲ" ಎಂದ ಇಂಗ್ಲಿಷಿನಲ್ಲಿ.

ಅಂಪಾಯರ್ ನಮ್ಮ ಕಡೆಯ ಹೋಟೆಲೊಂದರ ಅಡಿಗೆಯವರು. "ಕೈ ತಾಗಿದ್ದಕ್ಕೇ ಪಾಯಿಂಟ್ ಮಾರಾಯ. ಪೆನಾಲ್ಟಿ ಮಾಫಿ. ಖಲಾಸ್, ನೀವು ಗೆದ್ದದ್ದು" ಎಂದರು.

ಡೀಟರನಿಗೆ ತಿಳಿದದ್ದು ಪೆನಾಲ್ಟಿ ಇಲ್ಲ, ಮುಗಿಯಿತು ಎನ್ನುವುದಷ್ಟೇ. ಅಷ್ಟು ಅರಬ್ಬಿ ಇಲ್ಲಿ ಎಲ್ಲರಿಗೂ ಬರುತ್ತದೆ. ಮ್ಯಾಟಿನ ಮೇಲೆ ಕುಳಿತು ತನ್ನ ಕೈಗಳನ್ನು ನೋಡುತ್ತ ಅಳತೊಡಗಿದ. ಅಷ್ಟು ದೊಡ್ಡ ಆಳು ಅತ್ತರೆ ಏನು ಮಾಡುವುದೆಂದು ತಿಳಿಯದೆ ರಾಘವಣ್ಣ ಅವನ ತಲೆಗೆ ಒಂದು ಬಾಟಲಿ ನೀರು ಸುರಿದರು. ನನಗೆ ನಾಚಿಕೆಯಾಗಿತ್ತು. ಶಾಪ ಹಾಕಿದ್ದನ್ನು ಅವನಿಗೆ ನಾನು ಹೇಳಲೇ ಇಲ್ಲ.

ಫೋಟೋದಲ್ಲಿ ಡೀಟರಣ್ಣನ ಎರಡೂ ಕೈ ಮೇಲಿದ್ದವು. ತಿಂಗಳ ನಂತರ ಸ್ಟೋರಿಗೆ ಬಂದವನು ಚಹಾಕ್ಕೆ ತಟ್ಟನೆ ಕೈ ಚಾಚಿ ಸುದ್ದಿ ಹೇಳಿದ. ಅಮ್ಮ ಫೋಟೋ ಹಿಡಿದುಕೊಂಡು ಬೇಕರಿಗೆ ಹೋಗಿದ್ದಳಂತೆ. ಬೇಕರಿಯಾಕೆ ತುಂಬ ಹೊತ್ತು ನೋಡಿ, ಇದು ಯಾವ ಆಟವೆಂದು ಕೇಳಿ, ಏನೂ ಅರ್ಥವಾಗದೆ, ಒಳಗೆ ಹೋಗಿ ಬಿಸಿ ಬ್ರೆಡ್ ತಂದುಕೊಟ್ಟಳಂತೆ.

ಮೊನ್ನೆಯ ಪಂದ್ಯದಲ್ಲೂ ಕೊನೆಗೆ ಚೆಂಡು ಆ ಆಟಗಾರನ ಕೈಗೆ ತಾಗಿತು. ಇಡೀ ಸ್ಟೇಡಿಯಂ ಅವನ ಮೇಲೆ ಕೂಗಾಡಿತು. ಬೇರೆ ದಿನವಾದರೆ ನಾನೂ ದಿಂಬು ಎಸೆದು ಅವನ ವಂಶವನ್ನೇ ಜಾಲಾಡುತ್ತಿದ್ದೆ. ಮಗ ನನ್ನ ಬೈಗುಳಕ್ಕಾಗಿ ಕಾಯುತ್ತ ಮುಖ ನೋಡಿದ.

"ಇವನ ಅಮ್ಮನಿಗೆ ನಾಳೆ ಬಿಸಿ ಬ್ರೆಡ್ಡೇ ಸಿಗಲಿ" ಎಂದೆ.