ಹನ್ನೊಂದು ಇಪ್ಪತ್ತರ ಗಿರಾಕಿ

ದೆವ್ವಕ್ಕೆ ಹೆದರುವವರಲ್ಲಿ ಎರಡು ಬಗೆ. ಹೆದರುತ್ತೇನೆಂದು ಒಪ್ಪಿಕೊಳ್ಳುವವರು ಒಂದು, ಕಂಪ್ಯೂಟರ್ ಕೆಲಸದಲ್ಲಿರುವವರು ಇನ್ನೊಂದು. ನಾನು ಬಹಳ ವರ್ಷ ಎರಡನೆಯ ಗುಂಪಿನಲ್ಲಿ ಮರ್ಯಾದೆಯಿಂದ ಇದ್ದೆ. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಮೊದಲನೆಯ ಗುಂಪಿಗೆ ಬಂದು ಸೇರಿದೆ. ಅದೂ ಅಮಾವಾಸ್ಯೆಯ ಕತ್ತಲಲ್ಲಲ್ಲ, ಮುಂಬಯಿ ಅಂಧೇರಿಯ ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ.

ನಮ್ಮದು ಕಂಪ್ಯೂಟರ್ ಕೇಂದ್ರ. ಯಾವ ಹಡಗು ಯಾವತ್ತು ಬಂದರಿಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಪಟ್ಟಿ ನಮ್ಮ ದೊಡ್ಡ ಯಂತ್ರದ ಹೊಟ್ಟೆಯಲ್ಲಿತ್ತು. ಬಂದರಿಗೆ ಹತ್ತಿರದ ಫೋರ್ಟ್ ಕಡೆಯ ಆಫೀಸುಗಳು, ಹಡಗಿನಿಂದ ಸರಕು ಬಿಡಿಸಿಕೊಡುವವು, ಟೆಲಿಫೋನ್ ತಂತಿಯ ಮೂಲಕ ತಮ್ಮ ಯಂತ್ರದಿಂದ ನಮ್ಮ ಯಂತ್ರವನ್ನು ಕೇಳಬೇಕು. ನಮ್ಮದು ಉತ್ತರ ಕೊಡಬೇಕು. ಹೀಗೆ ಕೇಳುವ ಹಕ್ಕಿಗಾಗಿ ಪ್ರತಿಯೊಬ್ಬ ಗುಮಾಸ್ತನಿಗೂ ಒಂದು ನಂಬರು, ಒಂದು ಪಾಸ್‌ವರ್ಡ್. ಒಳಗೆ ಬರಲಾಗದೆ ಒದ್ದಾಡುವವರ ಫೋನಿಗೆ ಉತ್ತರ ಕೊಡುವುದು ನನ್ನ ಹೊಟ್ಟೆಪಾಡು.

ಜಗತ್ತಿನಲ್ಲಿ ಹೊಸ ಪ್ರಶ್ನೆಗಳೇ ಇಲ್ಲ ಎಂಬ ಸತ್ಯ ಋಷಿಗಳಿಗೆ ತಪಸ್ಸಿನಿಂದ ಹೊಳೆದಿರಬಹುದು, ನನಗೆ ಫೋನಿನಿಂದ ಹೊಳೆಯಿತು. ನಂಬರು ಪಡೆಯುವುದು ಹೇಗೆ? ಪಾಸ್‌ವರ್ಡ್ ಮರೆತರೆ ಏನು ಗತಿ? ಒಂದೇ ನಂಬರನ್ನು ಇಬ್ಬರು ಬಳಸಬಹುದೇ? ಗಂಟೆಗೆ ಎಷ್ಟು ಸಲ ಕೇಳಬಹುದು? ಕೊನೆಗೆ ಬೇಸತ್ತು ಹತ್ತೊಂಬತ್ತು ಪ್ರಶ್ನೆ, ಹತ್ತೊಂಬತ್ತು ಉತ್ತರ ಟೈಪು ಮಾಡಿಸಿ ಎಲ್ಲ ಆಫೀಸಿಗೂ ಕಳಿಸಿದೆ. "ಒಮ್ಮೆ ಕೇಳಿ ಕಾಯಿರಿ, ಹತ್ತು ಸಲ ಕೇಳಿದರೆ ಹಡಗು ಬೇಗ ಬರುವುದಿಲ್ಲ" ಎಂಬಂಥ ಚುರುಕು ಮಾತುಗಳೂ ಅದರಲ್ಲಿದ್ದವು. ಇನ್ನು ಫೋನ್ ಬರುವುದಿಲ್ಲವೆಂದು ಕಾಲು ಚಾಚಿದೆ. ಮರುದಿನವೇ ಬಂತು.

"ಸರ, ಪಾಸ್‌ವರ್ಡ್ ಯಾರಿಗೂ ಹೇಳಬ್ಯಾಡ್ರಿ ಅಂತ ಬರದೀರಿ. ಹೆಂಡತಿಗೂ ಹೇಳಬಾರದೇನ್ರಿ?"

ಫೋರ್ಟಿನ ಒಂದು ಆಫೀಸಿನ ಗುಮಾಸ್ತ ಪಾಟೀಲರು ಅವರು, ಧಾರವಾಡದ ಕಡೆಯವರು. ಮುಖ ನಾನೆಂದೂ ನೋಡಿದ್ದಿಲ್ಲ. ಮುಂಬಯಿಯಲ್ಲಿ ಫೋನಿನೊಳಗಿಂದ ಕನ್ನಡ ಬಂದರೆ ಮಾತು ಎರಡು ನಿಮಿಷ ಉದ್ದವಾಗುತ್ತದೆ, ಅಷ್ಟೇ ಸ್ನೇಹ.

"ಹೆಂಡತಿಗೆ ಯಾಕ್ರೀ ಹಡಗಿನ ಸಮಾಚಾರ?" ಎಂದೆ.

"ಹಂಗಲ್ರಿ. ನಾಳೆ ನಾ ಸತ್ತರ ಏನ್ ಮಾಡೂದು?"

"ಆಗ ನೋಡೋಣ ಬಿಡಿ ಪಾಟೀಲ್ರೇ" ಎಂದು ನಕ್ಕೆ. ಅವರೂ ನಕ್ಕರು. ಇಪ್ಪತ್ತನೆಯ ಪ್ರಶ್ನೆ ಅಲ್ಲಿಗೇ ಮುಗಿಯಿತೆಂದು ಫೋನ್ ಇಟ್ಟೆ.

ಶ್ರಾವಣದಲ್ಲಿ ಅವರ ಆಫೀಸಿನಿಂದ ಕಾಗದ ಬಂತು. ನಮ್ಮ ಪಾಟೀಲರು ತೀರಿಕೊಂಡಿದ್ದಾರೆ, ಅವರ ನಂಬರನ್ನು ನಿಲ್ಲಿಸಿ. ಎರಡೇ ಸಾಲು. ನಾನು ನಂಬರಿಗೆ ಬೀಗ ಹಾಕಿದೆ, ಆಮೇಲೆ ಚಹಾ ಕುಡಿದೆ. ಮುಖ ನೋಡದವರಿಗಾಗಿ ಎಷ್ಟು ದುಃಖ ಪಡಬೇಕೆಂಬುದಕ್ಕೆ ನನ್ನ ಪಟ್ಟಿಯಲ್ಲಿ ಉತ್ತರ ಇರಲಿಲ್ಲ.

ಮರುದಿನ ಲೋಕಲ್ ಗಾಡಿಯಲ್ಲೂ ಅದೇ ಯೋಚನೆ. ನಾನಿರುವುದು ಮುಲುಂಡಿನಲ್ಲಿ. ಒಂದು ಸ್ಟೇಷನ್ ಮೊದಲು, ಠಾಣೆಯಲ್ಲಿ ಹತ್ತುವ ಗೆಳೆಯರು ನನಗಾಗಿ ಕರವಸ್ತ್ರ ಹಾಸಿ ಸೀಟು ಹಿಡಿದಿರುತ್ತಿದ್ದರು. ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲಿ ಆ ಒಂದು ಗೇಣು ಬಟ್ಟೆಗೆ ಇರುವ ಮರ್ಯಾದೆ ನನಗೆ ನನ್ನ ಮನೆಯಲ್ಲೂ ಇಲ್ಲ. ಬರುವವನು ಬರುತ್ತಾನೆ ಎಂದು ಎಲ್ಲರೂ ನಂಬಿ ಸುತ್ತ ನಿಂತಿರುತ್ತಾರೆ. ನಾನು ಬಂದ ಕೂಡಲೇ ಗೆಳೆಯ ಕರವಸ್ತ್ರ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಪಾಟೀಲರಿಗೂ ಇಂಥದೊಂದು ಸೀಟು ಯಾವುದೋ ಗಾಡಿಯಲ್ಲಿ ಇದ್ದಿರಬೇಕು ಎನ್ನಿಸಿತು.

ಹಿಂದಿನ ದಿನ ಯಾವ ನಂಬರು ಎಷ್ಟು ಹೊತ್ತಿಗೆ ಬಾಗಿಲು ತಟ್ಟಿತು, ಒಳಗೆ ಬಿಟ್ಟೆವೋ ವಾಪಸು ಕಳಿಸಿದೆವೋ ಎಂಬುದನ್ನೆಲ್ಲ ಯಂತ್ರ ಪ್ರತಿ ಬೆಳಿಗ್ಗೆ ಉದ್ದದ ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತಿತ್ತು. ಗೋಕುಲಾಷ್ಟಮಿ ಕಳೆದ ಎರಡನೆಯ ದಿನ ಆ ಕಾಗದದಲ್ಲಿ ಪಾಟೀಲರ ನಂಬರು ಕಂಡಿತು. ಹನ್ನೊಂದು ಇಪ್ಪತ್ತು, ವಾಪಸು. ಮರುದಿನ ಮತ್ತೆ ಹನ್ನೊಂದು ಇಪ್ಪತ್ತು, ವಾಪಸು. ನಾಲ್ಕನೆಯ ದಿನ ನಾನೇ ಯಂತ್ರದ ಮುಂದೆ ಕೂತೆ. ಗಡಿಯಾರದ ಮುಳ್ಳು ಬಂದು ನಿಂತಿತು, ಪುಟ್ಟ ಕೆಂಪು ದೀಪ ಮಿಣುಕಿತು, ಪರದೆಯ ಮೇಲೆ ಆ ನಂಬರು ಬಂದು ಹೋಯಿತು. ಏರ್‌ಕಂಡೀಷನ್ ಕೋಣೆಯಲ್ಲಿ ನನ್ನ ಬನಿಯನ್ನು ಬೆನ್ನಿಗೆ ಅಂಟಿಕೊಂಡಿತು.

ನಮ್ಮ ಆಫೀಸಿನ ಸಾಹೇಬರಿಗೆ ಹೇಳಿದೆ. "ಲಾಕ್ ಆಹೇ ನಾ? ಮಗ್ ಕಾಯ್ ಪ್ರಾಬ್ಲೆಮ್?" ಎಂದರು. ಬೀಗ ಹಾಕಿದೆಯಲ್ಲ, ಮತ್ತೇನು ತೊಂದರೆ ಎಂಬುದು ಅವರ ಪ್ರಶ್ನೆ. ಬೀಗ ಹಾಕಿದ ಬಾಗಿಲನ್ನು ತಟ್ಟುವುದೇ ತೊಂದರೆ ಎಂದು ಅವರಿಗೆ ಮರಾಠಿಯಲ್ಲಿ ಹೇಳಲು ನನಗೆ ಬರಲಿಲ್ಲ. ಆ ಆಫೀಸಿಗೆ ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾಡಿ ಏನು ಕೇಳಲಿ? ನಿಮ್ಮ ದಿವಂಗತರು ಈಗ ಹೇಗಿದ್ದಾರೆ ಎಂದೇ?

ನಮ್ಮೂರು ಮಂಡ್ಯದ ಬೀದಿಯಲ್ಲಿ ಇಂಥ ತೊಂದರೆಗೆ ಒಂದು ಸಿದ್ಧೌಷಧವಿತ್ತು. ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ತಟ್ಟುವ ದೆವ್ವವೊಂದು ತಿರುಗುತ್ತಿದೆಯೆಂದು ಸುದ್ದಿ ಹಬ್ಬಿದಾಗ ಎಲ್ಲರೂ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಸುತ್ತಿದ್ದರು. ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಅಕ್ಷರ ಬಲ್ಲ, ಹೇಳಿದ ಮಾತು ಕೇಳುವ ದೆವ್ವ. ನಮ್ಮ ಗಿರಾಕಿಗಳಲ್ಲಿ ಈ ಎರಡೂ ಗುಣ ಇದ್ದವರು ಕಡಿಮೆ. ನನ್ನ ಅಕ್ಷರ ದುಂಡಗಿದೆಯೆಂದು ಇಡೀ ಬೀದಿಯ ಬಾಗಿಲುಗಳಿಗೆ ಸುಣ್ಣದಲ್ಲಿ ಬರೆದವನು ನಾನೇ.

ಬೀಗ ಹಾಕಿದ ನಂಬರಿಗೆ ಯಂತ್ರ ಒಂದು ಸಾಲಿನ ಉತ್ತರ ಕೊಡುತ್ತಿತ್ತು, ಪ್ರವೇಶವಿಲ್ಲ ಎಂದು. ಅದನ್ನು ಬದಲಿಸುವ ಅಧಿಕಾರ ನನಗಿತ್ತು. ಗಣೇಶ ಚತುರ್ಥಿಯ ಹಿಂದಿನ ದಿನ, ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಪಾಟೀಲರ ನಂಬರಿನ ಉತ್ತರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ "ನಾಳೆ ಬಾ" ಎಂದು ಮಾಡಿದೆ. ತಮಾಷೆ ಎಂದು ನನಗೆ ನಾನೇ ಹೇಳಿಕೊಂಡೆ.

ಗಣಪತಿಯ ಹತ್ತು ದಿನ ಅರ್ಧ ಮುಂಬಯಿ ರಜೆಯಲ್ಲಿತ್ತು, ಹನ್ನೊಂದು ಇಪ್ಪತ್ತಕ್ಕೆ ಮಾತ್ರ ರಜೆ ಇರಲಿಲ್ಲ. ಗಣಪತಿ ನೀರಿಗೆ ಹೋದ, ಪಿತೃಪಕ್ಷ ಬಂತು. ನಾನು ಹನ್ನೊಂದೂಕಾಲಿಗೆ ಎದ್ದು ಕ್ಯಾಂಟೀನಿಗೆ ಹೋಗುವ ಅಭ್ಯಾಸ ಮಾಡಿಕೊಂಡೆ. ಒಂದು ದಿನ ವಾಪಸು ಬರುವಷ್ಟರಲ್ಲಿ ನನ್ನ ಮೇಜಿನ ಫೋನ್ ಬಡಿದುಕೊಳ್ಳುತ್ತಿತ್ತು. ಎತ್ತಿದೆ. ಹೆಣ್ಣುದನಿ, ಇಂಗ್ಲಿಷಿನಲ್ಲಿ ತಡವರಿಸುತ್ತಿತ್ತು. ನನ್ನ "ಹಲೋ" ಕೇಳಿಯೇ ಕನ್ನಡದವನೆಂದು ಗೊತ್ತಾಗಿರಬೇಕು.

"ಸರ, ನಿಮ್ಮ ಮಷೀನ ಕನ್ನಡ ಮಾತಾಡ್ತದೇನ್ರಿ?"

"ತಾವು ಯಾರಮ್ಮ?"

"ನಾ ಪಾಟೀಲರ ಮನಿಯವರ್ರಿ, ಸುಮಿತ್ರಾ. ಅವರ ಜಾಗಾದಾಗ ನನ್ನ ತೊಗೊಂಡಾರ. ಮೂರು ತಿಂಗಳ ನೋಡ್ತೀವಿ, ಆಗಲಿಲ್ಲಂದ್ರ ಬ್ಯಾಡ ಅಂದಾರ. ಅವರು ಒಂದ ಪುಸ್ತಕದಾಗ ನಂಬರು, ಪಾಸ್‌ವರ್ಡ್ ಎಲ್ಲಾ ನನಗಂತ ಬರದಿಟ್ಟಿದ್ರು. ಹನ್ನೊಂದು ಇಪ್ಪತ್ತಕ್ಕ ಲೈನ್ ಖಾಲಿ ಇರ್ತದ ಅಂತನೂ ಬರದಾರ. ನಾ ದಿನಾ ಅದ ಹೊತ್ತಿಗೆ ಕೇಳ್ತೀನ್ರಿ. ಅದು ದಿನಾ ನಾಳೆ ಬಾ ಅಂತದ."

"ಮತ್ತೆ ಇಷ್ಟು ದಿನ ಯಾಕಮ್ಮ ಫೋನ್ ಮಾಡಲಿಲ್ಲ?"

"ನಮ್ಮವರಽ ಹೇಳಾಕತ್ತಾರ ಅಂತ ತಿಳದಿದ್ದೆರಿ. ಈ ಊರಾಗ ಮಷೀನಿಗೆ ಕನ್ನಡ ಯಾರು ಕಲಸ್ತಾರ? ನಾಳೆ ಬಾ ಅಂದಾರ, ನಾಳೆ ಇನ್ನೊಂದು ಮಾತು ಹೇಳಿಯಾರು ಅಂತ ಬಂದೆ."

ಹಡಗಿನ ಸುದ್ದಿಗೆ ಏನು ಮಾಡಿದಿರಿ ಎಂದೆ. ದಿನಾ ಮಧ್ಯಾಹ್ನ ಬಂದರಿನ ಗೇಟಿನವರೆಗೆ ನಡೆದುಹೋಗಿ, ಅಲ್ಲಿಯ ಬೋರ್ಡು ನೋಡಿ ಬರೆದುಕೊಂಡು ಬರುತ್ತಿದ್ದರಂತೆ. ಆ ದಿನ ಅವರ ಮ್ಯಾನೇಜರಿಗೆ ತಿಳಿದುಹೋಗಿತ್ತು. ನಾಳೆಯಿಂದ ಮಷೀನಿನಿಂದ ಸುದ್ದಿ ಕೊಡು, ಇಲ್ಲವೇ ಮನೆಗೆ ಹೋಗು ಎಂದಿದ್ದನಂತೆ. ಡ್ರಾಯರಿನಲ್ಲಿದ್ದ ನನ್ನ ಹತ್ತೊಂಬತ್ತು ಪ್ರಶ್ನೆಗಳ ಹಾಳೆಯ ಕೆಳಗೆ ಫೋನ್ ನಂಬರು ಸಿಕ್ಕಿತ್ತು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಾನು ಅವರನ್ನು ದೆವ್ವ ಎಂದುಕೊಂಡಿದ್ದೆ, ಅವರು ನನ್ನನ್ನು ಗಂಡ ಎಂದುಕೊಂಡಿದ್ದರು. ಸುಳ್ಳು ಹೇಳುವ ಆಸೆಯಾಯಿತು, ನಿಜ ಹೇಳುತ್ತೇನೆ. ಆದರೆ ಆ ಹೆಂಗಸು ಸುಳ್ಳನ್ನು ಹಿಡಿದುಕೊಂಡು ಇನ್ನೆಷ್ಟು ದಿನ ಬಂದರಿನ ಗೇಟಿಗೆ ನಡೆಯಬೇಕು?

"ಅದು ಪಾಟೀಲರಲ್ಲಮ್ಮ. ಬರೆದವನು ನಾನು. ತಪ್ಪಾಯಿತು" ಎಂದೆ.

ಫೋನಿನ ಆ ಕಡೆ ಎಲ್ಲೋ ಟೈಪ್‌ರೈಟರಿನ ಸದ್ದು. ಆಮೇಲೆ ಮೆಲ್ಲಗೆ ಹೇಳಿದರು. "ಇರಲಿ ಬಿಡ್ರಿ. ಇಲ್ಲಿ ಎಲ್ಲಾರೂ ನಾ ಎಂದ ಹೋಗ್ತೀನಿ ಅಂತ ನೋಡಾಕತ್ತಿದ್ರು. ನೀವೊಬ್ಬರಾದ್ರೂ ಬಾ ಅಂದ್ರಿ."

ಹೊಸ ನಂಬರಿಗೆ ಅರ್ಜಿ, ಮೊಹರು, ಎಂಟು ದಿನ ಬೇಕೆಂದು ನನ್ನ ಮೊದಲ ಉತ್ತರದಲ್ಲಿ ನಾನೇ ಬರೆದಿದ್ದೆ. ಅದನ್ನು ಮಡಿಸಿಟ್ಟು ಹತ್ತು ನಿಮಿಷದಲ್ಲಿ ಸುಮಿತ್ರಾಬಾಯಿಯ ಹೆಸರಿಗೆ ನಂಬರು ಮಾಡಿ, ಫೋನಿನಲ್ಲೇ ಹೇಳಿಕೊಟ್ಟು ಅವರ ಕೈಯಿಂದಲೇ ಯಂತ್ರವನ್ನು ಕೇಳಿಸಿದೆ. ಹಡಗು ಗುರುವಾರ ಬರುತ್ತದೆ ಎಂದು ಉತ್ತರ ಹೋಯಿತು. ಅವರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಮೂರು ತಿಂಗಳ ಮೇಲೂ ಕೆಲಸ ಉಳಿಯಿತು.

ಫೋನ್ ಇಡುವ ಮೊದಲು ಉಪಚಾರಕ್ಕೆಂದು ಕೇಳಿದೆ, ಒಂದು ತಿಂಗಳಿಂದ ಕಷ್ಟಪಟ್ಟಿರಲ್ಲ ಎಂದು.

"ತಿಂಗಳೆಲ್ಲೀದ್ರಿ, ಎರಡ ವಾರ. ಗಣಪತಿ ಕಳಿಸಿದ ಮ್ಯಾಲೆ ಸೋಮವಾರ ಸೇರೀನಿ. ಅಲ್ಲೀತನಕ ಈ ಕೋಣಿಗೆ ಕೀಲಿ ಹಾಕಿದ್ರು. ಮಷೀನಿನ ಮ್ಯಾಲೆ ಇಷ್ಟು ಧೂಳ ಕುಂತಿತ್ತು, ನಾನಽ ಸೆರಗಿಲೆ ಒರಸೀನಿ."

ಉದ್ದದ ಕಾಗದಗಳು ನನ್ನ ಮೇಜಿನ ಮೇಲೆಯೇ ಇದ್ದವು. ಗೋಕುಲಾಷ್ಟಮಿಯ ಎರಡನೆಯ ದಿನದಿಂದ ಗಣಪತಿ ವಿಸರ್ಜನೆಯವರೆಗೆ, ಆಕೆ ಆ ಕೋಣೆಗೆ ಕಾಲಿಡುವ ಮೊದಲಿನ ಸುಮಾರು ಮೂರು ವಾರ, ಒಂದು ದಿನವೂ ತಪ್ಪದೆ ಹನ್ನೊಂದು ಇಪ್ಪತ್ತು. ನಾನು ಅದನ್ನು ಅವರಿಗೆ ಹೇಳಲಿಲ್ಲ. ಸಾಹೇಬರಿಗೂ ಹೇಳಲಿಲ್ಲ. ಹಾಳೆಗೆ ಇಪ್ಪತ್ತನೆಯ ಪ್ರಶ್ನೆ ಸೇರಿಸಿದೆ: ನಂಬರಿನವರು ತೀರಿಕೊಂಡರೆ? ಉತ್ತರ: ಅವರ ಜಾಗಕ್ಕೆ ಬಂದವರು ಕೂಡಲೇ ನಮಗೆ ಫೋನ್ ಮಾಡಿ.

ಮರುದಿನ ಕ್ಯಾಂಟೀನಿಗೆ ಹೋಗದೆ ಯಂತ್ರದ ಮುಂದೆ ಕೂತೆ. ಹನ್ನೊಂದು ಇಪ್ಪತ್ತಕ್ಕೆ ದೀಪ ಮಿಣುಕಿತು. ಬಂದದ್ದು ಸುಮಿತ್ರಾಬಾಯಿಯ ಹೊಸ ನಂಬರು. ಹಳೆಯದು ಆ ದಿನ ಬರಲಿಲ್ಲ, ಆಮೇಲೂ ಎಂದೂ ಬರಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ಕೂರುವವರು ಬಂದು ಕೂತ ಮೇಲೆ ಯಾರಾದರೂ ತಮ್ಮ ಕರವಸ್ತ್ರ ಎತ್ತಿಕೊಳ್ಳುತ್ತಾರೆ.