ಗಾಳದವರಿಗೂ ಒಂದಿಷ್ಟು ಮೀನು

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಮೇಲಿನ ಹಲಗೆಯಿಂದ ಇಂಗಿನ ಡಬ್ಬಿ ಜಾರಿ, ಕೆಳಗೆ ತೆರೆದಿಟ್ಟಿದ್ದ ರಾಗಿಹಿಟ್ಟಿನೊಳಗೆ ಬಿದ್ದು ಮುಚ್ಚಳ ಬಿಚ್ಚಿಕೊಂಡಿತು. ಹಿಟ್ಟೆಲ್ಲ ಹಾಳಾಯಿತಲ್ಲ ಎಂದು ಬೈದುಕೊಳ್ಳುತ್ತ ಬಾಗಿದವಳು ಅಲ್ಲೇ ಕುಳಿತುಬಿಟ್ಟೆ. ರಾಗಿಹಿಟ್ಟು, ಇಂಗು... ಜೊತೆಗೆ ಒಂದಿಷ್ಟು ಬೆಲ್ಲವೂ ಬೆರೆತಿದ್ದರೆ ಅದು ಹೊಸದುರ್ಗದ ಭಾನುವಾರದ ಬೆಳಗೇ ಆಗಿಬಿಡುತ್ತಿತ್ತು. ಪಾತ್ರೆ ಅಂಗಡಿ ಮಾವ ಹಿತ್ತಲ ಕಲ್ಲಿನ ಮೇಲೆ ಕುಳಿತು, ಗಾಳಕ್ಕೆ ಸಿಕ್ಕಿಸುವ ಹಿಟ್ಟನ್ನು ನಾದುತ್ತಿದ್ದಾಗ ಬರುತ್ತಿದ್ದ ವಾಸನೆ ಅದು.

ಆಗ ನಾನು ಹೊಸದುರ್ಗದಲ್ಲಿ ಕಾಲೇಜು ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿದ್ದೆ. ಮಾವನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ನೆಂಟಸ್ತಿಕೆಯೇನೂ ಇರಲಿಲ್ಲ. ಮೊದಲ ವಾರ ನಾನು ಅವರನ್ನು ‘ಓನರ್ರೇ’ ಎಂದು ಕರೆದದ್ದಕ್ಕೆ ಅವರ ಹೆಂಡತಿ, “ಓನರ್ ಗೀನರ್ ಬ್ಯಾಡಮ್ಮ, ಬಾಯ್ತುಂಬ ಮಾವ ಅನ್ನು. ನಾನು ಅತ್ತೆ,” ಎಂದುಬಿಟ್ಟರು. ಅಂದಿನಿಂದ ಹಾಗೆಯೇ ಆಯಿತು.

ಪೇಟೆಬೀದಿಯಲ್ಲಿ ಮಾವನದು ಸ್ಟೀಲು, ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಆ ಮನೆಯೊಳಗೆ ಮೊಟ್ಟೆಯ ಹೆಸರೆತ್ತುವಂತಿರಲಿಲ್ಲ. ಅಂಥ ಮನುಷ್ಯನಿಗೆ ಗಾಳದ ಹುಚ್ಚು. ಭಾನುವಾರ ಬೆಳಿಗ್ಗೆ ಬಿದಿರುಕೋಲು ಸ್ಕೂಟರಿಗೆ ಕಟ್ಟಿಕೊಂಡು ಊರಾಚೆಯ ಕೆರೆಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೇ ವಾಪಸು. ಹಿಡಿದ ಮೀನನ್ನೆಲ್ಲ ಅಲ್ಲೇ ನೀರಿಗೆ ಬಿಟ್ಟು ಬರುತ್ತಿದ್ದರು.

ಅತ್ತೆ ಹಿತ್ತಲ ಬಾಗಿಲಲ್ಲೇ ತಡೆಯುತ್ತಿದ್ದರು. “ಆ ನೀಚು ವಾಸನೆ ಹೊತ್ಕೊಂಡು ದೇವರ ಮನೆ ಕಡೆ ಬಂದೀರಿ ಮತ್ತೆ! ಅಲ್ಲೇ ನಲ್ಲಿ ಕೆಳಗೆ ಕುಂತ್ಕಳ್ರಿ.”

“ಹಿಡಿದಿದ್ದನ್ನೆಲ್ಲ ಬಿಟ್ಟು ಬಂದೀನಿ ಕಣೇ.”

“ಮೀನು ಬಿಟ್ರಿ, ವಾಸನೆ ಬಿಟ್ಟಿಲ್ಲವಲ್ಲ!”

ಒಂದು ಭಾನುವಾರ ಕುತೂಹಲಕ್ಕೆಂದು ನಾನೂ ಅವರ ಹಿಂದೆ ಹೋಗಿದ್ದೆ. ಏರಿಯ ಮೇಲೆ ಜಾಲಿಮರಗಳು, ಆಚೆ ದಡಕ್ಕೆ ತೆಂಗಿನ ತೋಟಗಳು. ತೂಬಿನ ಪಕ್ಕದ ಕಲ್ಲಿನ ಮೇಲೆ ಮಾವ ಕುಳಿತರೆ ಬೇರೆಯೇ ಮನುಷ್ಯನಾಗುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಯ ಜೊತೆ ಎಡೆಬಿಡದೆ ಮಾತಾಡುವವರು ಅಲ್ಲಿ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು. ಅಂದು ಒಂದು ಗೆಂಡೆ ಮೀನು ಸಿಕ್ಕಿತು. ಕೈ ಒದ್ದೆ ಮಾಡಿಕೊಂಡು, ಮೀನಿನ ಬಾಯಿಂದ ಕೊಕ್ಕೆ ಬಿಡಿಸಿ, ನೀರಿನೊಳಗೇ ಅದನ್ನು ಸ್ವಲ್ಪ ಹೊತ್ತು ಹಿಡಿದಿದ್ದು ಬಿಟ್ಟರು. ತಿನ್ನುವುದಿಲ್ಲ, ಮಾರುವುದಿಲ್ಲ, ಮತ್ತೆ ಯಾಕೆ ಹಿಡಿಯುವುದು ಎಂದು ಕೇಳಿದೆ. ಅವರು ನೀರನ್ನೇ ನೋಡುತ್ತ, “ಒಳಗೆ ಐತೆ ಅಂತ ಗೊತ್ತಾಗ್ಬೇಕಲ್ಲಮ್ಮ,” ಎಂದರು.

ಅವರಿಗೆ ಗಾಳ ಕಲಿಸಿದ್ದು ಅವರ ಗೆಳೆಯ. ಕೆರೆಯ ಪಕ್ಕದ ಹಳ್ಳಿಯ ಬೆಸ್ತರ ಪೈಕಿ. ತೆಪ್ಪದಲ್ಲಿ ಕುಳಿತು ಬಲೆ ಬೀಸುವುದೇ ಕಸುಬಾದ್ದರಿಂದ ಎಲ್ಲರೂ ಅವರನ್ನು ತೆಪ್ಪದಣ್ಣ ಎನ್ನುತ್ತಿದ್ದರು. ಮಾವ ಮತ್ತು ತೆಪ್ಪದಣ್ಣ ಪ್ರೈಮರಿ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತವರು. ಒಬ್ಬರು ಅಂಗಡಿಯ ಗಾದಿ ಏರಿದರು, ಇನ್ನೊಬ್ಬರು ತೆಪ್ಪ ಏರಿದರು. ಲೇ ಅನ್ನದೆ ಇಬ್ಬರಿಗೂ ಮಾತು ಶುರುವಾಗುತ್ತಿರಲಿಲ್ಲ. “ಲೇ ಸಾವ್ಕಾರ, ನಾನು ಬಲೆ ಎಳೆದು ಸುಸ್ತಾಗೀನಿ, ನೀನು ಕುಂತು ಮೀನಿಗೆ ಫಲಾರ ಹಾಕ್ತೀಯ!” ಎಂದು ತೆಪ್ಪದಿಂದಲೇ ಕೂಗುತ್ತಿದ್ದರು. ಮಾವ ಮನೆಯಿಂದ ಅವರಿಗೂ ಚಿತ್ರಾನ್ನದ ಡಬ್ಬಿ ಒಯ್ಯುತ್ತಿದ್ದರು.

ಮಾವನಿಗೊಂದು ಆಸೆ ಇತ್ತು. ಮಳೆಗಾಲದಲ್ಲಿ ಕೆರೆಗೆ ಸರ್ಕಾರದವರು ಮೀನುಮರಿ ಬಿಡುತ್ತಿದ್ದರು. ಕಾಟ್ಲಾ, ರೋಹು. ಬೇಗ ಬೆಳೆಯುವಂಥವು, ಬಲೆಗೆ ಬಂದರೆ ತೂಕಕ್ಕಾಗುವಂಥವು. “ಗಾಳ ಹಾಕೋನಿಗೆ ತೂಕ ಏನಾಗ್ಬೇಕಮ್ಮ, ತರಾವರಿ ಬೇಕು,” ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಕಂಡ ಗೆಂಡೆ, ಬಾಳೆಮೀನು, ಕೊರವ ಎಲ್ಲ ಕಡಿಮೆಯಾಗುತ್ತ ಬಂದಿದ್ದವು. ಅವುಗಳ ಮರಿಗಳನ್ನೂ ಸರ್ಕಾರವೇ ಬಿಟ್ಟರೆ ಹೊಳಲ್ಕೆರೆ, ಹಿರಿಯೂರು, ದುರ್ಗದಿಂದ ಗಾಳದ ಹುಚ್ಚಿನವರು ಬಂದು ದಡದಲ್ಲಿ ಕೂರುತ್ತಾರೆ, ಏರಿಯ ಮೇಲೆ ಎರಡು ಟೀ ಅಂಗಡಿಯಾಗುತ್ತವೆ, ಕೆರೆಯೂ ಚೊಕ್ಕಟವಾಗಿರುತ್ತದೆ... ಹೀಗೆ. ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಸೌಟು ಕೊಳ್ಳಲು ಬಂದವರೂ ಕೇಳಿಸಿಕೊಂಡು ಹೋಗಬೇಕಿತ್ತು.

ಕೆರೆ ಕೋಡಿಬಿದ್ದ ವರ್ಷ ತೆಪ್ಪದಣ್ಣನ ಹಳ್ಳಿಯಲ್ಲಿ ಅಧಿಕಾರಿಗಳ ಸಭೆ ಸೇರಿತು. ಮಾವ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಪಂಚಾಯಿತಿ ಮುಂದಿನ ಅರಳಿಕಟ್ಟೆಯ ಹತ್ತಿರ ಶಾಮಿಯಾನ ಹಾಕಿದ್ದರು. ಕೆರೆಯ ಮಾತು ಬಂದಾಗ ಪಕ್ಕದಲ್ಲಿ ಕುಳಿತಿದ್ದ ತೆಪ್ಪದಣ್ಣನೇ ಮಾವನ ತೊಡೆ ತಿವಿದರು. “ಎದ್ದು ಹೇಳ್ಲೇ. ಪಾತ್ರೆ ತಗಳ್ಳೋರಿಗೆ ಹೇಳಿದ್ರೆ ಏನು ಬಂತು, ಇವ್ರಿಗೆ ಹೇಳು.”

ಮಾವ ಎದ್ದರು. ಚೆನ್ನಾಗಿ ಮಾತಾಡಿದರು. ಬಲೆಯವರಿಗೆ ಬಿಟ್ಟ ಹಾಗೆ ಗಾಳದವರಿಗೂ ನಾಲ್ಕು ಥರದ ಮೀನು ಬಿಡಿ ಸ್ವಾಮಿ, ನೋಡಿ ಸಂತೋಷಪಡೋರೂ ಜನರೇ ಅಲ್ಲವೇ ಎಂದರು. ಜನ ಚಪ್ಪಾಳೆ ತಟ್ಟಿದರು. ತೆಪ್ಪದಣ್ಣ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅಧಿಕಾರಿ ನಗುತ್ತ ತಲೆಯಾಡಿಸಿದರು.

ಮುಂದೆ ಆದದ್ದೇ ಬೇರೆ. ಬೆಸ್ತರ ಸಂಘಕ್ಕಿದ್ದ ಕೆರೆಯ ಗುತ್ತಿಗೆ ಮುಗಿಯುತ್ತ ಬಂದಿತ್ತು. ಅಧಿಕಾರಿಗಳು ಅದನ್ನು ಮುಂದುವರಿಸಲಿಲ್ಲ. ಈ ಕೆರೆ ಇನ್ನು ಹವ್ಯಾಸಿ ಗಾಳದವರಿಗೆ, ಸ್ಥಳೀಯರೇ ಬೇಡಿಕೆ ಇಟ್ಟಿದ್ದಾರೆ, ಬಲೆ ಬೀಸುವಂತಿಲ್ಲ ಎಂದು ಸಾರಿದರು. ಹೊರಗಿನವರೊಬ್ಬರು ವಹಿಸಿಕೊಂಡು ತೂಬಿನ ಬಳಿ ಟಿಕೆಟ್ ಕೊಡುವ ಗೂಡು ಕಟ್ಟಿಸಿದರು, ದಡದುದ್ದಕ್ಕೂ ಬಣ್ಣದ ಕೊಡೆ ನೆಡಿಸಿದರು. ಎಲ್ಲಿಂದಲೋ ಲಾರಿಯಲ್ಲಿ ಮೀನು ತಂದು ಬಿಟ್ಟರು. ಕಾರುಗಳು ಬಂದವು. ರೀಲು ಸುತ್ತುವ ಮಿರಿಮಿರಿ ಕೋಲುಗಳು ಬಂದವು. ಬೆಸ್ತರ ತೆಪ್ಪಗಳು ಏರಿಯ ಮೇಲೆ ಬೋರಲಾದವು.

ಮಾವನಿಗೆ ಇದು ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಮೊದಮೊದಲು ಇದೇನೋ ತಪ್ಪಾಗಿದೆ, ಸರಿಯಾಗುತ್ತದೆ ಎಂದುಕೊಂಡಿದ್ದರು. ಒಂದು ಸಂಜೆ ಅಂಗಡಿ ಮುಚ್ಚಿ ಬಂದವರು ಮೆಟ್ಟಿಲ ಮೇಲೆ ಕುಸಿದು ಕುಳಿತು ನನ್ನನ್ನು ಕೂಗಿದರು.

“ಏನಮ್ಮ, ನೀನು ಕನ್ನಡ ಮೇಡಂ. ಆವತ್ತು ನಾನು ಏನಂದೆ, ನೀನೇ ಹೇಳು. ಗಾಳದವ್ರಿಗೂ ಅಂದ್ನೋ, ಗಾಳದವ್ರಿಗೇ ಅಂದ್ನೋ?”

“ಗಾಳದವರಿಗೂ ಅಂದ್ರಿ ಮಾವ. ನಾನು ಅಲ್ಲೇ ಇದ್ದೆನಲ್ಲ.”

“ಮತ್ತೆ ಅವ್ರಿಗೆ ಹೆಂಗೆ ಹಂಗೆ ಕೇಳ್ತು?”



ಅಂದಿನಿಂದ ಮಾವ ಕೆರೆಯ ಕಡೆ ಹೋಗಲಿಲ್ಲ. ಭಾನುವಾರವೂ ಅಂಗಡಿ ತೆಗೆದು ಕೂರತೊಡಗಿದರು. “ಹೋಗಬ್ಯಾಡ್ರಿ ಅಂದಾಗ ಹೋಗೋರು, ಈಗ ನಾನೇ ಹೋಗ್ರಿ ಅಂದ್ರೂ ಏಳಲ್ಲ,” ಎಂದು ಅತ್ತೆ ನನ್ನ ಮುಂದೆ ಕಣ್ಣೊರೆಸಿಕೊಂಡರು.

ಆಮೇಲೆ ತಿಳಿಯಿತು, ತೆಪ್ಪದಣ್ಣ ಊರು ಬಿಟ್ಟು ಐಮಂಗಲದ ಹೆದ್ದಾರಿ ಪಕ್ಕದ ಡಾಬಾವೊಂದಕ್ಕೆ ಕೆಲಸಕ್ಕೆ ಸೇರಿದ್ದಾರೆ ಎಂದು. ಮಾವ ಒಂದು ರಜೆಯ ದಿನ, “ಬರ್ತೀಯೇನಮ್ಮ, ಹೋಗಾಣ. ಒಬ್ನೇ ಹೋಗಾಕೆ ಕಾಲು ಬರವಲ್ದು,” ಎಂದರು. ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಮಾವ ಕಿಟಕಿಯಾಚೆ ನೋಡುತ್ತಿದ್ದರು.

ಡಾಬಾದ ಹಿಂದೆ, ನೀರಿನ ತೊಟ್ಟಿಯ ಪಕ್ಕ ತೆಪ್ಪದಣ್ಣ ಮೀನು ಹೆರೆಯುತ್ತಿದ್ದರು. ಕೆರೆಯ ಮೀನಲ್ಲ, ಐಸ್ ಪೆಟ್ಟಿಗೆಯಲ್ಲಿ ಬಂದ ಸಮುದ್ರದ ಮೀನು. ಬೆರಳುಗಳು ಐಸಿಗೆ ಬಿಳುಚಿಕೊಂಡಿದ್ದವು. ನಮ್ಮನ್ನು ಕಂಡು ಗಡಬಡಿಸಿ ಎದ್ದು, ಲುಂಗಿಗೆ ಕೈ ಒರೆಸಿಕೊಂಡು, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದಿಟ್ಟರು.

“ಬರ್ರಿ ಸಾವ್ಕಾರ್ರೆ. ಕುಂತ್ಕಳ್ರಿ.”

ಮಾವ ನಿಂತಲ್ಲೇ ನಿಂತರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ತೆಪ್ಪದಣ್ಣ ಬೈದಿದ್ದರೆ, ಹೆರೆಯುತ್ತಿದ್ದ ಮೀನನ್ನೇ ಎಸೆದಿದ್ದರೆ ಮಾವ ತಡೆದುಕೊಳ್ಳುತ್ತಿದ್ದರು. ಆ ‘ರಿ’ಯನ್ನು ತಡೆದುಕೊಳ್ಳಲಾಗಲಿಲ್ಲ.

“ಯಾಕ್ಲೇ ಹಿಂಗೆ ಮಾತಾಡ್ತೀಯ?” ಎಂದರು.

“ಇನ್ನೆಂಗೆ ಮಾತಾಡ್ಲಿ? ಟೀ ತಗಳ್ರಿ. ಮೇಡಮ್ಮೋರಿಗೂ ತರ್ತೀನಿ.”

“ನಾನು ನಿನ್ನ ಬಲೆ ಕಿತ್ಕಳ್ರಿ ಅಂತ ಹೇಳಿದ್ನೇನೋ?”

“ನೀವು ಹೇಳ್ಲಿಲ್ರಿ. ನಂಗೂ ಗೊತ್ತೈತೆ. ಎದ್ದು ಹೇಳು ಅಂದೋನೇ ನಾನು.” ಅಷ್ಟು ಹೇಳಿ ತೆಪ್ಪದಣ್ಣ ಒಳಗೆ ಹೋದರು. ಟೀಯನ್ನು ತಂದವರು ಬೇರೆ ಯಾರೋ.

ಹಿಂತಿರುಗುವಾಗ ಬಸ್ಸಿನಲ್ಲಿ ಮಾವ ಆಡಿದ್ದು ಒಂದೇ ಮಾತು. “ಬಲೆ ವಾಪಸ್ ಕೊಡಿಸ್ಬೇಕು.”

ಅದಕ್ಕಾಗಿ ಅವರು ಓಡಾಡಿದ್ದನ್ನು ಕಂಡವಳು ನಾನು. ಅಂಗಡಿ ಅತ್ತೆಯ ಪಾಲಾಯಿತು. ಮಾವ ಉಳಿದ ಬೆಸ್ತರನ್ನು ಕಟ್ಟಿಕೊಂಡು ದುರ್ಗದ ಮೀನುಗಾರಿಕೆ ಕಚೇರಿಗೆ ಹೋದರು, ಮತ್ತೆ ಹೋದರು. “ನೀವೇ ಕೇಳಿದ್ರಲ್ಲ ಸಾವ್ಕಾರ್ರೆ, ಈಗ ನೀವೇ ಬ್ಯಾಡ ಅಂತೀರಾ?” ಎಂದು ಅಲ್ಲಿ ನಕ್ಕರು. ಮುಂದಿನ ಸಭೆಯಲ್ಲಿ ಅದೇ ಅರಳಿಕಟ್ಟೆಯ ಬಳಿ ಮಾವ ಮತ್ತೆ ಎದ್ದು ನಿಂತರು. ಗಾಳ ಹಾಕೋನು ಒಂದು ದಿನ ಮೀನು ಸಿಗದಿದ್ರೂ ಮನೆಗೆ ಹೋಗಿ ಉಣ್ತಾನೆ, ಬಲೆ ಹಾಕೋನ ಮನೇಲಿ ಅವತ್ತು ಒಲೆ ಹತ್ತಲ್ಲ, ಮೊದಲು ಅವನಿಗೆ ಕೊಡ್ರಿ, ಮಿಕ್ಕಿದ್ರೆ ನಮಗೆ ಎಂದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಲವರು ಇವರಿಗೆ ತಲೆ ನೆಟ್ಟಗಿಲ್ಲ ಎಂದರು. ಮೀನು ಮುಟ್ಟದ ಕುಲದವನಿಗೆ ಇದೆಲ್ಲ ಯಾಕೆ ಎಂದು ಅವರ ಬೀದಿಯವರೇ ಆಡಿಕೊಂಡರು.

ಕಡೆಗೂ ಬಲೆ ವಾಪಸು ಬಂತು. ಮಾವನ ಓಡಾಟದಿಂದಲೋ, ಬೇಸಿಗೆಯಲ್ಲಿ ನೀರಿಳಿದು ಕಾರಿನವರು ಬರುವುದು ನಿಂತಿದ್ದರಿಂದಲೋ, ಹೇಳಲಾರೆ. ಆ ಹೊತ್ತಿಗೆ ನನಗೆ ದುರ್ಗಕ್ಕೆ ವರ್ಗವಾಗಿತ್ತು. ತೆಪ್ಪದಣ್ಣ ಊರಿಗೆ ಮರಳಿದ ಸುದ್ದಿಯನ್ನು ಅತ್ತೆ ಫೋನಿನಲ್ಲಿ ಹೇಳಿದರು. ಮಾವ ಅವತ್ತೇ ಏರಿಯ ಮೇಲೆ ಹೋಗಿ ನಿಂತಿದ್ದರಂತೆ. ತೆಪ್ಪ ಕೆರೆಯ ನಡುವೆ ಇತ್ತಂತೆ. ಬಿಸಿಲೇರುವವರೆಗೆ ಕಾದರೂ ಅದು ದಡಕ್ಕೆ ತಿರುಗಲಿಲ್ಲವಂತೆ. ಮನೆಗೆ ಬಂದು, “ಪಾಪ, ಬಲೆ ಬಿಟ್ಟು ಬರಾಕಾಗಿಲ್ಲ ಅವನಿಗೆ,” ಎಂದರಂತೆ.

ಮುಂದಿನ ಮಳೆಗಾಲ ಮಾವ ಹೋಗಿಬಿಟ್ಟರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ತಾಮ್ರದ ಕೊಡಗಳನ್ನು ಹೊರಗೆ ಜೋಡಿಸುತ್ತಿದ್ದವರು ಅಲ್ಲೇ ಒರಗಿದರು. ನಾನು ಹೋದಾಗ ಅವರ ತೋಟದಲ್ಲಿ ಗುಂಡಿ ತೆಗೆದಾಗಿತ್ತು. ಎಲ್ಲರ ಹಿಂದೆ ತೆಪ್ಪದಣ್ಣ ನಿಂತಿದ್ದರು. ಎಲ್ಲರ ಸರದಿ ಮುಗಿದ ಮೇಲೆ ಬಂದು, ಒಂದು ಹಿಡಿ ಮಣ್ಣು ಹಾಕಿ ಹೊರಟುಹೋದರು.

ಈಗ ಆ ಕೆರೆಗೆ ಬೇರೆ ಬೇರೆ ಮೀನು ಬಿಡುವ ಮಾತು ಮತ್ತೆ ಎದ್ದಿದೆ. ಗಾಳದವರಿಗೆ ಅಂತಲೇ. ಮೊನ್ನೆಯ ಇಂಗಿನ ವಾಸನೆ ನೆನಪು ಕೆದಕಿತ್ತಲ್ಲ, ಸುಮ್ಮನಿರಲಾರದೆ ನಿನ್ನೆ ಹೊಸದುರ್ಗಕ್ಕೆ ಹೋಗಿ, ಅತ್ತೆಯನ್ನು ಕಂಡು, ಕೆರೆಯವರೆಗೂ ಹೋಗಿಬಂದೆ. ತೆಪ್ಪದಣ್ಣನಿಗೆ ವಯಸ್ಸಾಗಿದೆ. ನೀರಿಗಿಳಿಯುವುದಿಲ್ಲ. ಜಾಲಿ ನೆರಳಲ್ಲಿ ಕುಳಿತು ಹರಿದ ಬಲೆ ಹೊಲಿಯುತ್ತಾರೆ. ಗುರುತು ಹಿಡಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಹೊಸ ಮೀನಿನ ಮಾತು ನಿಜವೇ, ಬಿಟ್ಟರೆ ನಿಮಗೆ ಒಪ್ಪಿಗೆಯೇ ಎಂದು ಕೇಳಿದೆ.

“ಬಿಡ್ಲಿ ಬಿಡಮ್ಮ. ನೀರು ಎಲ್ರಿಗೂ ಆಗ್ತೈತೆ. ಹಂಚೋರು ನೆಟ್ಟಗಿರ್ಬೇಕು ಅಷ್ಟೆ,” ಎಂದರು. ಸ್ವಲ್ಪ ಹೊತ್ತು ದಾರ ಎಳೆಯುತ್ತಿದ್ದರು. ಆಮೇಲೆ ತಲೆ ಎತ್ತದೆಯೇ ಹೇಳಿದರು:

“ಅವತ್ತು ಅವನು ಏರಿ ಮೇಲೆ ನಿಂತಿದ್ದು ಕಂಡಿದ್ದೆ. ಬಲೆ ಆಗ್ಲೇ ಎಳೆದಾಗಿತ್ತು. ಹುಟ್ಟು ಹಾಕಿದ್ರೆ ದಡ ಎಷ್ಟು ದೂರ... ಸಿಟ್ಟಿತ್ತು ಕಣಮ್ಮ. ಇವತ್ತು ಬ್ಯಾಡ, ಸಿಟ್ಟು ಇಳಿದ ಮೇಲೆ ಮಾತಾಡ್ಸಾಣ ಅಂದ್ಕಂಡೆ.”

ಗಾಳಿಗೆ ಕೆರೆ ಸಣ್ಣಗೆ ಅಲೆಯಾಡುತ್ತಿತ್ತು.

“ಸಿಟ್ಟು ಇಳೀತು,” ಎಂದರು. “ಅವನಿರ್ಲಿಲ್ಲ.”