ಸೋಡಾ ಗಾಡಿಗೆ ಹೊಸ ಕಣ್ಣು

ಪುತ್ತೂರಿನಿಂದ ಸುಳ್ಯಕ್ಕೆ, ಅಲ್ಲಿಂದ ಅರಂತೋಡಿನವರೆಗೆ ರಸ್ತೆ ಬದಿಯ ಅಂಗಡಿಗಳಿಗೆಲ್ಲ ಗೋಲಿಸೋಡಾ ಹಂಚುತ್ತಿದ್ದವನು ಅದ್ರಾಮ ಬ್ಯಾರಿ. ಬೆಳಿಗ್ಗೆ ತುಂಬಿದ ಬಾಟಲಿಗಳನ್ನು ಇಳಿಸುತ್ತ ಹೋಗುವುದು, ಸಂಜೆ ಖಾಲಿ ಬಾಟಲಿಗಳನ್ನು ಹೆಕ್ಕುತ್ತ ಬರುವುದು. ಗಾಡಿ ಒಂದು ಹಳೆಯ ಪಿಕಪ್. ಘಟ್ಟದ ಮೇಲಿನ ಯಾವುದೋ ತೋಟದ ದೊರೆ ಊರು ಬಿಡುವಾಗ ಮಾರಿದ್ದನ್ನು ಸೋಡಾ ಫ್ಯಾಕ್ಟರಿಯ ಧಣಿಗಳು ಕೊಂಡಿದ್ದರು. ಅದರ ಮೂತಿಯ ಎರಡು ಮಗ್ಗುಲಿಗೆ ಎರಡು ಸಣ್ಣ ಲೈಟುಗಳು ಒತ್ತಿಕೊಂಡು ಕೂತಿದ್ದವು. ಒಂದು ನೆಲ ನೋಡಿದರೆ ಇನ್ನೊಂದು ಮರದ ಕೊಂಬೆ ನೋಡುತ್ತಿತ್ತು. ಬೆಳಕು ಅರಸಿನ ನೀರಿನಂತೆ ತೆಳ್ಳಗೆ. ಆ ರಸ್ತೆಯ ಜನ ಅದಕ್ಕೆ ‘ಕೋಸುಗಣ್ಣಿನ ಗಾಡಿ’ ಎಂದೇ ಹೆಸರಿಟ್ಟಿದ್ದರು.

ಅದ್ರಾಮ ಯುದ್ಧದ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನ ಕ್ಲೀನರ್ ಆಗಿ ರಸ್ತೆಗೆ ಬಂದವನು. ಮೈಯೆಲ್ಲ ಮಸಿ ಮಾಡಿಕೊಂಡು ಬೆಂಕಿ ಊದುತ್ತಲೇ ಗಾಡಿ ಬಿಡುವುದನ್ನು ಕಲಿತ. ಮುಂದೆ ಬಸ್ಸು, ಲಾರಿ ಎಲ್ಲ ಆಗಿ, ನಡು ವಯಸ್ಸಿಗೆ ಈ ಸೋಡಾ ಗಾಡಿಗೆ ಬಂದು ನಿಂತ. ಇಷ್ಟು ವರ್ಷಗಳಲ್ಲಿ ಒಂದು ಕೋಳಿಯನ್ನೂ ಚಕ್ರಕ್ಕೆ ಕೊಟ್ಟವನಲ್ಲ ಎನ್ನುವುದು ಅವನ ಹೆಮ್ಮೆ. ಚಾದಂಗಡಿಯಲ್ಲಿ ಕೂತಾಗ ಈ ಮಾತು ಹೇಗಾದರೂ ಮಾಡಿ ಬಾಯಿಗೆ ಬಂದೇ ಬರುತ್ತಿತ್ತು.

ಕತ್ತಲೆ ಮೊದಲು ಬಂದದ್ದು ರಸ್ತೆಗಲ್ಲ, ಮನೆಗೆ. ಸಂಜೆಯ ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಹೋದವನು ಕಿಂಡಿ ಎನ್ನುವ ನೀರಿನ ಗಿಂಡಿಗಾಗಿ ನೆಲ ತಡವತೊಡಗಿದ. ಕಿಂಡಿ ಕಾಲಬುಡದಲ್ಲೇ ಇತ್ತು. ಹೆಂಡತಿ ಕುಂಞಿಪಾತುಮ್ಮ ಅಡುಗೆ ಮನೆಯ ಬಾಗಿಲಿನಿಂದ ನೋಡಿದಳು. ಮರುದಿನದಿಂದ ಕಿಂಡಿಯನ್ನು ಒಂದೇ ಜಾಗದಲ್ಲಿ ಇಡತೊಡಗಿದಳು. ಬಿಸಿಲು ಆರುವ ಮೊದಲೇ ಚಿಮಿಣಿ ದೀಪ ಹಚ್ಚತೊಡಗಿದಳು. ಮದ್ದಿನ ಪಂಡಿತರು ಕೊಟ್ಟ ಮೀನೆಣ್ಣೆಯನ್ನು ಅವನು ಮೂಗು ಹಿಡಿದುಕೊಂಡು ಕುಡಿದ. ಹಗಲು ಎಲ್ಲವೂ ಸರಿ. ಸೂರ್ಯ ಇಳಿದನೆಂದರೆ ಲೋಕದ ಮೇಲೆ ಯಾರೋ ಕಂಬಳಿ ಎಳೆದಂತೆ.

ಕೊನೆಗೊಂದು ದಿನ ಅವಳು ಬಾಯಿ ಬಿಟ್ಟಳು. “ಸಂಜೆ ಗಾಡಿ ಬಿಡುದು ಬೇಡ. ಧಣಿಗಳತ್ರ ಹೇಳಿ.”

“ಎಂತ ಹೇಳುದು? ಖಾಲಿ ಬಾಟ್ಲಿ ಹಾರಿಕೊಂಡು ಬರ್ತದಾ ಪುತ್ತೂರಿಗೆ?”

“ನಿಮ್ಮ ಕಣ್ಣು...”

“ಕಣ್ಣಿಗೆ ಎಂತ ಆಗ್ಲಿಲ್ಲ. ಲೈಟು ಮಂದ. ಅಜ್ಜನ ಕಾಲದ ಲೈಟು.”

“ನಿನ್ನೆ ಹೊಸ್ತಿಲು ಎಡವಿದ್ದೂ ಗಾಡಿಯ ಲೈಟಿನಿಂದವಾ?”

ಕಣ್ಣಿನ ಸುದ್ದಿ ಹೊರಗೆ ಬಿದ್ದರೆ ಗಾಡಿ ಕೈತಪ್ಪುತ್ತದೆ. ಗಾಡಿ ಇಲ್ಲದ ಅದ್ರಾಮ ಯಾರು ಎಂಬುದು ಅವನಿಗೇ ಗೊತ್ತಿರಲಿಲ್ಲ. ಆದರೆ ಒಂದು ದಿನ ಈ ಕಣ್ಣು ಯಾರನ್ನಾದರೂ ಕೊಂದೀತು ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಪುತ್ತೂರಿನಲ್ಲಿ ಗಾಡಿಗಳ ವಯರಿಂಗ್ ಕೆಲಸಕ್ಕೆ ಸರ್ವೋತ್ತಮ ಪೈಗಳದು ದೊಡ್ಡ ಹೆಸರು. ಅದ್ರಾಮ ಅವರಲ್ಲಿಗೆ ಹೋಗಿ, ಇರುವುದರಲ್ಲಿ ದೊಡ್ಡ ಲೈಟು ಬೇಕು ಎಂದ.

“ಎಂತ ಬ್ಯಾರಿಗಳೇ, ಸೋಡಾ ಬಿಟ್ಟು ಹುಲಿ ಬೇಟೆಗೆ ಹೊರಟದ್ದಾ?” ಎಂದು ಪೈಗಳು ನಕ್ಕರು. “ಇಷ್ಟು ವರ್ಷ ಸಾಕಾದ ಬೆಳಕು ಈಗ ಯಾಕೆ ಸಾಲುದಿಲ್ಲ?”

“ಒಳಗಿನ ಕನ್ನಡಿ ಮಾಸಿ ಹೋಗಿದೆ ಪೈಗಳೇ.”

“ನೀವು ಮಾಸಿದ್ದಲ್ಲವಲ್ಲ?”

ತಮಾಷೆಗೆ ಆಡಿದ ಮಾತು. ಅದ್ರಾಮ ತಿರುಗಿ ಗಾಡಿಯ ಲೈಟನ್ನು ಒರೆಸತೊಡಗಿದ.

ಪೈಗಳು ಮಂಗಳೂರಿನ ಗುಜರಿಯಿಂದ ಮರ ಸಾಗಿಸುವ ಲಾರಿಯೊಂದರ ಲೈಟಿನ ಜೋಡಿ ತರಿಸಿದರು. ಗ್ಯಾರೇಜಿನವರು ‘ಡೂಮ್’ ಎನ್ನುವ ಬಟ್ಟಲು ಒಂದೊಂದೂ ಊಟದ ಹರಿವಾಣದಷ್ಟಿತ್ತು. ಹಳೆಯ ಗುಳಿಯಲ್ಲಿ ಕೂರಲಿಲ್ಲ. ಕಬ್ಬಿಣದ ಪಟ್ಟಿ ಬಗ್ಗಿಸಿ ಎರಡು ಮಡ್‌ಗಾರ್ಡುಗಳ ಹೊರ ಅಂಚಿನಲ್ಲಿ ನಿಲ್ಲಿಸಬೇಕಾಯಿತು. ಹೊಸ ಬಲ್ಬು ಎಳೆಯುವ ಕರೆಂಟಿಗೆ ಹಳೆಯ ವಯರು ಬಿಸಿಯಾಗುತ್ತದೆಂದು ದಪ್ಪ ವಯರು ಎಳೆದರು, ದೊಡ್ಡ ಬ್ಯಾಟರಿ ಕೂರಿಸಿದರು. ಮುಸ್ಸಂಜೆಗೆ ಗಾಡಿಯನ್ನು ಗೋಡೆಯ ಎದುರು ನಿಲ್ಲಿಸಿ, ಸೀಮೆಸುಣ್ಣದ ಗೀಟು ಎಳೆದು, ಬೆಳಕು ಆ ಗೀಟಿನ ಕೆಳಗೇ ಬೀಳುವಂತೆ ತಿರುಪು ತಿರುಗಿಸಿದರು.

“ನೋಡ್ಲಿಕ್ಕೆ ಗೂಬೆಯ ಹಾಗಾಯಿತು ಮಾರಾಯ್ರೆ, ಮೈಗಿಂತ ಕಣ್ಣೇ ದೊಡ್ಡದು” ಎಂದರು ಪೈಗಳು. ಆಮೇಲೆ ನಗು ಬಿಟ್ಟು ಹೇಳಿದರು: “ಎದುರಿಂದ ಗಾಡಿ ಬರುವಾಗ ಮಾತ್ರ ಡಿಮ್ ಮಾಡ್ಬೇಕು. ಇಲ್ಲದಿದ್ರೆ ಅವನ ಕಣ್ಣು ಕಟ್ಟಿಹೋಗ್ತದೆ.”

ಅದ್ರಾಮ ತಲೆಯಾಡಿಸಿದ. ಡಿಮ್ ಮಾಡುವ ಗುಂಡಿ ಎಡಗಾಲಿನ ಕೆಳಗಿತ್ತು. ಅಲ್ಲೇ ಒಮ್ಮೆ ಒತ್ತಿ ನೋಡಿದ. ಗೋಡೆ ಮಾಯವಾಯಿತು. ತಟ್ಟನೆ ಇನ್ನೊಮ್ಮೆ ಒತ್ತಿ ಕಾಲು ತೆಗೆದ.

ಮೊದಲ ಸಂಜೆ ಅವನಿಗೆ ಯೌವನ ಬಂದಂತಾಯಿತು. ರಸ್ತೆ ಬದಿಯ ಒಂದೊಂದು ಎಲೆಯೂ ಕಂಡಿತು, ದೂರದ ಮೈಲಿಕಲ್ಲೂ ಕಂಡಿತು. ಹಿಂದೆ ಖಾಲಿ ಬಾಟಲಿಗಳು ಕಿಣಿಕಿಣಿ ಎನ್ನುತ್ತಿದ್ದರೆ ಅವನೂ ಗುನುಗುತ್ತಿದ್ದ. ಆದರೆ ರಸ್ತೆ ಮಾತ್ರ ಯಾಕೋ ಮೊದಲಿನಂತಿರಲಿಲ್ಲ. ಒಂದು ಇಕ್ಕಟ್ಟಾದ ತಿರುವಿನಲ್ಲಿ ಎದುರು ಬಂದ ಲಾರಿ ನಿಲ್ಲಲಿಲ್ಲ. ಮೈಮೇಲೇ ಬಂತು. ಅದ್ರಾಮ ಗಾಡಿಯನ್ನು ಪೊದೆಗೆ ತೂರಿಸಿ ಉಳಿದ. ಇನ್ನೊಂದು ಕಡೆ ಜೀಪಿನವನು ಹಾರನ್ ಬಾರಿಸಿ, “ಹಿಂದೆ ತಗೊಳ್ಳೋ!” ಎಂದು ಗದರಿದ. ಅದ್ರಾಮನಿಗೆ ದಿಗಿಲಾಯಿತು. ಹಿಂದೆ ಬೆಳಕಿಲ್ಲ. ಎಷ್ಟೋ ಕಾಲದಿಂದ ಅವನು ಸಂಜೆ ಹೊತ್ತು ಗಾಡಿ ಹಿಂದೆ ತೆಗೆದದ್ದೇ ಇಲ್ಲ. ಯಾಕೆ ತೆಗೆಯಬೇಕಾಗಿ ಬರಲಿಲ್ಲ ಎಂದು ಆಗ ಯೋಚಿಸಲಿಲ್ಲ. ಹೊಸ ಲೈಟು ಕಂಡು ಹೊಟ್ಟೆಕಿಚ್ಚು ಇವರಿಗೆ, ಎಂದುಕೊಂಡ.

ಮಾರನೆಯ ಸಂಜೆ ದಾರಿಯ ಅಂಗಡಿಯೊಂದರ ಬೆಳ್ಯಪ್ಪ ಖಾಲಿ ಬಾಟಲಿಯ ಪೆಟ್ಟಿಗೆ ಹೊರಗೆ ತಂದಿರಲಿಲ್ಲ. ಯಾವಾಗಲೂ ಗಾಡಿ ತಿರುವಿನಲ್ಲಿರುವಾಗಲೇ ಪೆಟ್ಟಿಗೆ ಹೊತ್ತು ನಿಲ್ಲುವವನು.

“ಎಂತ ಬೆಳ್ಯಪ್ಪಣ್ಣ, ನಿದ್ದೆಯಾ?”

“ನೀವಾ! ಯಾವುದೋ ಮರದ ಲಾರಿ ಅಂತ ಗ್ರಹಿಸಿದೆ ಮಾರಾಯ್ರೆ. ಗುರ್ತವೇ ಸಿಕ್ಕುದಿಲ್ಲ ಈಗ ನಿಮ್ಮದು.”

ಆ ಮಾತನ್ನು ಅದ್ರಾಮ ಹೊಗಳಿಕೆ ಎಂದೇ ತೆಗೆದುಕೊಂಡ.

ಆ ವಾರ ಕುಂಞಿಪಾತುಮ್ಮ ಅರಂತೋಡಿನ ತಂಗಿ ಅಲೀಮಮ್ಮನ ಮನೆಯಲ್ಲಿದ್ದಳು. ವಾಪಸು ಬರುವ ದಿನ ಗಂಡನ ಗಾಡಿಯಲ್ಲೇ ಹತ್ತಿ ಕೂತಳು. ಚಳಿಗಾಲ. ಹೊತ್ತು ಕಂತಿತ್ತು. ಪಯಸ್ವಿನಿ ಹೊಳೆಯ ಕಡೆಯಿಂದ ಮಂಜು ಏಳುತ್ತಿತ್ತು. ದೊಡ್ಡ ಲೈಟಿನ ಬೆಳಕು ಮಂಜಿಗೆ ಬಡಿದು ರಸ್ತೆಗೆ ಹೋಗದೆ ಅವರ ಮುಖಕ್ಕೇ ಮರಳುತ್ತಿತ್ತು. ಎದುರಿಗೆ ಸುಣ್ಣ ಬಳಿದ ಗೋಡೆಯೊಂದು ಹಿಂದೆ ಹಿಂದೆ ಸರಿಯುತ್ತಿರುವಂತೆ ಕಾಣುತ್ತಿತ್ತು. ಅದ್ರಾಮ ಎದೆಯನ್ನು ಸ್ಟಿಯರಿಂಗಿಗೆ ಒತ್ತಿ ಕೂತಿದ್ದ.

“ಈ ಬದಿಯಲ್ಲಿರುದು ದನವಾ?” ಎಂದು ಸಹಜವಾಗಿ ಕೇಳುವವನಂತೆ ಕೇಳಿದ.

“ದನ ಅಲ್ಲ.” ಅವಳು ಸೀಟಿನ ಅಂಚು ಹಿಡಿದಳು. “ಮನುಷ್ಯ. ತಲೆಯಲ್ಲಿ ಹುಲ್ಲಿನ ಹೊರೆ ಉಂಟು.”

ಅವನು ಗಾಡಿಯನ್ನು ಸ್ವಲ್ಪ ಬಲಕ್ಕೆ ಎಳೆದ. ಹುಲ್ಲು ಗಾಡಿಯ ಮೈಗೆ ಸವರಿದ ಸದ್ದು ಕೇಳಿತು.

“ನಿಲ್ಲಿಸಿ. ನಾನು ನಡ್ಕೊಂಡು ಹೋಗ್ತೇನೆ.”

“ಇನ್ನು ಎಷ್ಟು ದೂರ? ಸುಳ್ಯ ಬಂತಲ್ಲ. ಸುಮ್ಮನೆ ಕೂತ್ಕೋ.”

ಸುಳ್ಯ ಬಂದಿರಲಿಲ್ಲ. ನಡುವೆ ಹಳ್ಳದಂಥ ಒಂದು ತೋಡು ಇತ್ತು, ಅದರ ಮೇಲೆ ಒಂದೇ ಗಾಡಿ ದಾಟುವಷ್ಟು ಅಗಲದ ಮೋರಿ ಸೇತುವೆ. ಎರಡು ಬದಿಗೂ ಮೊಣಕಾಲೆತ್ತರದ ಕಟ್ಟೆ. ಡೊಂಬಯ್ಯ ಓಡಿಸುವ ಸಂಜೆಯ ಬಸ್ಸು ಅವನಿಗೆ ಎದುರಾಗುವುದು ಹೆಚ್ಚಾಗಿ ಅಲ್ಲೇ. ಬಸ್ಸು ಆಚೆ ದಡದಲ್ಲಿ ನಿಲ್ಲುತ್ತದೆ, ಸೋಡಾ ಗಾಡಿ ದಾಟುತ್ತದೆ. ಇದು ಹಾಗೆಯೇ ನಡೆದುಕೊಂಡು ಬಂದಿತ್ತು. ಅಂದೂ ಆಚೆಯಿಂದ ಬಸ್ಸಿನ ಬೆಳಕು ಮಂಜಿನಲ್ಲಿ ಮಸುಕಾಗಿ ಮೂಡಿತು. ಡಿಮ್ ಮಾಡಬೇಕೆಂಬುದು ಅದ್ರಾಮನಿಗೆ ನೆನಪಾಯಿತು. ಕಾಲು ಗುಂಡಿಯವರೆಗೂ ಹೋಯಿತು, ಒತ್ತಲಿಲ್ಲ. ಬಸ್ಸು ನಿಲ್ಲುತ್ತದೆ ಎಂದು ಅವನು ಮೋರಿಗೆ ಏರಿದ.

ಬಸ್ಸು ನಿಲ್ಲಲಿಲ್ಲ.

ಕುಂಞಿಪಾತುಮ್ಮ ಕಿರುಚಿದಳು. ಅದ್ರಾಮ ಬ್ರೇಕಿನ ಮೇಲೆ ನಿಂತುಬಿಟ್ಟ. ಎದುರಿನ ಬೆಳಕು ಒಮ್ಮೆ ಓಲಾಡಿ ಪಕ್ಕಕ್ಕೆ ವಾಲಿತು. ಕಲ್ಲು ಕುಸಿದು ನೀರಿಗೆ ಬಿದ್ದ ಸದ್ದು, ಹಿಂದೆಯೇ ಹೆಂಗಸರ ಕೂಗು.

ಯಾರೂ ಸಾಯಲಿಲ್ಲ. ಬಸ್ಸಿನ ಮುಂದಿನ ಎಡಚಕ್ರ ಕಟ್ಟೆ ಒಡೆದು ತೋಡಿನ ಮೇಲೆ ತೂಗುತ್ತಿತ್ತು. ಕಂಡಕ್ಟರ್ ಕೃಷ್ಣಮೋಹನ ಹಿಂಬಾಗಿಲಿನಿಂದ ಜನರನ್ನು ಒಬ್ಬೊಬ್ಬರನ್ನೇ ಇಳಿಸಿದ. ಮುದುಕನೊಬ್ಬನ ಹಣೆಯಿಂದ ರಕ್ತ ಸುರಿಯುತ್ತಿತ್ತು. ಡೊಂಬಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ಬೈಯುತ್ತಲೇ ಬಂದ. “ಯಾವನಾ ಅದು? ಮರದ ಲಾರಿಯವರು ಬಸ್ಸು ಕಂಡ್ರೆ ಆಚೆಯೇ ನಿಲ್ಲಿಸ್ಬೇಕು ಅಂತ ಗೊತ್ತಿಲ್ವಾ ನಿಂಗೆ?”

ಹತ್ತಿರ ಬಂದವನು ಬಾಟಲಿಯ ಪೆಟ್ಟಿಗೆಗಳನ್ನು ಕಂಡು ತಡೆದು ನಿಂತ.

“ಅದ್ರಾಮ ಬ್ಯಾರಿಗಳಾ? ಅಯ್ಯೋ! ನೀವು ಅಂತ ಗೊತ್ತಿದ್ರೆ ನಾನು ಅಲ್ಲಿಯೇ ನಿಲ್ಲಿಸ್ತಿದ್ದೆನಲ್ಲ. ನಿಮ್ಮ ಹಳೇ ಲೈಟು ಎಲ್ಲಿ ಹೋಯ್ತು?”

“ನಾನು ಅಂತ ಗೊತ್ತಾದ್ರೆ ಯಾಕೆ ನಿಲ್ಲಿಸುದು?” ಎಂದು ಕೇಳಿದ ಅದ್ರಾಮ.

ಉತ್ತರ ಬಂದದ್ದು ಹಿಂದಿನಿಂದ, ಕೃಷ್ಣಮೋಹನನ ಬಾಯಿಂದ. “ನಿಮಗೆ ಸಂಜೆಗೆ ಕಣ್ಣು ಕಾಣುದಿಲ್ಲ ಅಂತ ಈ ಲೈನಿನ ಎಲ್ಲರಿಗೂ ಗೊತ್ತುಂಟು. ಕೋಸುಗಣ್ಣು ಕಂಡ ಕೂಡ್ಲೇ ಎಲ್ಲರೂ ಬದಿಗೆ ನಿಲ್ಲುದು. ನಿಮಗೊಬ್ಬರಿಗೇ ಗೊತ್ತಿಲ್ಲದ್ದು.”

“ಸುಮ್ಮನಿರಾ ನೀನು” ಎಂದು ಡೊಂಬಯ್ಯ ಗದರಿದ.

“ಎಷ್ಟು ಸಮಯದಿಂದ ಅಣ್ಣಾ?” ಎಂದು ಕೇಳಿದವಳು ಗಾಡಿಯಿಂದ ಇಳಿದು ಬಂದ ಕುಂಞಿಪಾತುಮ್ಮ.

ಡೊಂಬಯ್ಯ ನೆಲ ನೋಡಿದ. “ಎರಡು ಮಳೆಗಾಲ ಕಳೀತು ಅಕ್ಕಾ. ನಾವು ಯಾರೂ ಧಣಿಗಳತ್ರ ಹೇಳ್ಲಿಲ್ಲ. ಒಳ್ಳೆ ಜನ, ಹೊಟ್ಟೆಪಾಡು ಅಂತ...”

ಎರಡು ಮಳೆಗಾಲ. ತಾನು ಜಾಗ್ರತೆಯಿಂದ ಪಾರಾದೆ ಎಂದುಕೊಂಡ ಒಂದೊಂದು ತಿರುವಿನಲ್ಲೂ ಯಾರೋ ಬ್ರೇಕ್ ಒತ್ತಿ ಕಾದು ನಿಂತಿದ್ದರು. ಆ ಸಂಜೆಗಳೆಲ್ಲ ಒಟ್ಟಿಗೆ ಅದ್ರಾಮನ ಮೈಮೇಲೆ ಬಂದವು.

ಬಸ್ಸನ್ನು ಎಳೆಯಬೇಕಾದರೆ ಮೊದಲು ಪಿಕಪ್ ಮೋರಿಯಿಂದ ಹಿಂದೆ ಸರಿಯಬೇಕಿತ್ತು. ಡೊಂಬಯ್ಯ ಬಾಗಿಲು ತೆಗೆದು ಮೆಲ್ಲಗೆ ಹೇಳಿದ, “ನೀವು ಇಳೀರಿ. ನಾನು ತೆಗೀತೇನೆ.”

ಬೇರೆ ದಿನವಾಗಿದ್ದರೆ ಅದ್ರಾಮ ಹೊಡೆಯಲು ಕೈ ಎತ್ತುತ್ತಿದ್ದ. ಅಂದು ಇಳಿದ. ಡೊಂಬಯ್ಯ ಹತ್ತಿ ಗಾಡಿಯನ್ನು ನಿಧಾನಕ್ಕೆ ಹಿಂದೆ ತೆಗೆಯತೊಡಗಿದ. ಬೆಳಕು ಮಂಜಿನಲ್ಲಿ ತೆಳ್ಳಗಾಗುತ್ತ ದೂರವಾಯಿತು. ಬಸ್ಸಿನ ಬೆಳಕು ಕಟ್ಟೆಗೆ ಬಡಿದಾಗಲೇ ಆರಿತ್ತು. ಮೋರಿಯಾಚೆ ಗಾಡಿ ತಿರುಗಿ ನಿಂತಾಗ ಅದ್ರಾಮನ ಸುತ್ತ ಏನೂ ಉಳಿಯಲಿಲ್ಲ. ಬೇರೆಯವರಿಗೆ ಅದು ಮುಸ್ಸಂಜೆ. ಕೆಳಗೆ ತೋಡಿನ ನೀರು ಹರಿಯುವುದು ಮಾತ್ರ ಕೇಳುತ್ತಿತ್ತು, ಎಡಕ್ಕೋ ಬಲಕ್ಕೋ ತಿಳಿಯುತ್ತಿರಲಿಲ್ಲ.

“ಡೊಂಬಯ್ಯಣ್ಣ,” ಎಂದು ಅವನು ಎಂಜಿನಿನ ಸದ್ದು ಬಂದ ಕಡೆಗೆ ಕೂಗಿ ಹೇಳಿದ, “ನಾಳೆ ನೀವೇ ಧಣಿಗಳತ್ರ ಹೇಳಿ. ಗಾಡಿಗೆ ಬೇರೆ ಜನ ನೋಡ್ಲಿ.”

ಅವನು ಹೆಂಡತಿಯ ಕಡೆಗೆಂದು ಒಂದು ಕಾಲು ಎತ್ತಿದ.

“ಅಲ್ಲೇ ನಿಲ್ಲಿ!” ಕುಂಞಿಪಾತುಮ್ಮನ ಧ್ವನಿ ಅವನು ತಿಳಿದಿದ್ದ ದಿಕ್ಕಿನಿಂದ ಬರಲಿಲ್ಲ. “ಕಾಲು ಎತ್ತಬೇಡಿ. ಕಟ್ಟೆ ಇಲ್ಲ ಅಲ್ಲಿ. ನಾನು ಬರ್ತೇನೆ.”

“ಅಂಚಿಗೆ ಎಷ್ಟು ಉಂಟು?”

ಅವಳು ಹೇಳಲಿಲ್ಲ. ಅದ್ರಾಮ ಎತ್ತಿದ ಕಾಲನ್ನು ಎತ್ತಿದ ಜಾಗದಲ್ಲೇ ಇಳಿಸಿ, ಎರಡು ಕೈಗಳನ್ನೂ ಕತ್ತಲೆಗೆ ಚಾಚಿ ನಿಂತ.